ತಂತಿಯ ಮೇಲಿನ ಹನ್ನೊಂದು ಬಟ್ಟೆ

ಚಂದನಾ, ಮನು,

ಹೋದ ಭಾನುವಾರ ಚಂದನಾ ಫೋನಿನಲ್ಲಿ ಕೇಳಿದಳು: "ಅಜ್ಜಿ, ಹುಟ್ಟಿದ ಮಗುವಿಗೆ ದಿನಕ್ಕೆ ಎಷ್ಟು ಸಲ ಹಾಲು ಕುಡಿಸಬೇಕು ಅಂತ ಬಾಣಂತಿಯರಿಗೆ ಏನು ಹೇಳ್ತಿದ್ದೆ?" ನಾನು, "ಎಂಟರಿಂದ ಹನ್ನೆರಡು ಸಲ, ಹಗಲು ರಾತ್ರಿ ಎರಡೂ ಸೇರಿ," ಎಂದೆ. "ಅಷ್ಟು ನಮ್ಮ ಪುಸ್ತಕದಲ್ಲೇ ಇದೆ ಅಜ್ಜಿ," ಎಂದಳು. ಅವಳ ಪಕ್ಕದಲ್ಲಿದ್ದ ಮನು, "ಹಾಲು ಕುಡಿಸೋದಕ್ಕೂ ಪುಸ್ತಕ ಬೇಕಾ? ಕರುವಿಗೆ ಯಾರು ಹೇಳಿಕೊಟ್ಟವ್ರೆ?" ಎಂದು ನಕ್ಕ. ನಾನೂ ನಕ್ಕು ಫೋನ್ ಇಟ್ಟೆ.

ನನಗೆ ಫೋನಿನಲ್ಲಿ ಮಾತು ಬರುವುದಿಲ್ಲ. ಎದುರಿಗೆ ಕೂತರೂ ಹೆಚ್ಚೇನೂ ಬರುವುದಿಲ್ಲ, ಅದು ನಿಮಗೆ ಗೊತ್ತು. ಆದರೆ ಚಂದನಾ ಬರುವ ತಿಂಗಳು ಹನೂರು ಕಡೆಯ ಆರೋಗ್ಯ ಉಪಕೇಂದ್ರಕ್ಕೆ ನರ್ಸಾಗಿ ಸೇರುತ್ತಾಳೆ. ಪುಸ್ತಕದಲ್ಲಿರುವ ಆ ಒಂದು ಸಾಲನ್ನು ಒಂದು ಮನೆಯೊಳಗೆ ತೆಗೆದುಕೊಂಡು ಹೋಗುವುದು ಎಷ್ಟು ಕಷ್ಟ ಎಂದು ನಾನು ಹೇಳದೆ ಇನ್ನು ಯಾರು ಹೇಳಬೇಕು? ಅದಕ್ಕೆ ಬರೆಯಲು ಕೂತಿದ್ದೇನೆ. ನಾನು ಓದಿದ್ದು ಯಳಂದೂರಿನ ಹತ್ತಿರದ ನಮ್ಮೂರಿನ ಶಾಲೆಯಲ್ಲಿ. ಎಸ್ಸೆಸ್ಸೆಲ್ಸಿ ಆದ ಮೇಲೆ ನರ್ಸ್ ತರಬೇತಿ. ಆದ್ದರಿಂದ ಬರವಣಿಗೆಯಲ್ಲಿ ತಪ್ಪಿದ್ದರೆ ತಿದ್ದಿಕೊಳ್ಳಿ. ಬಡ್ತಿ, ವರ್ಗಾವಣೆಯ ಕತೆಗಳನ್ನು ಬರೆಯುವುದಿಲ್ಲ. ಅವು ನನಗೇ ಸರಿಯಾಗಿ ನೆನಪಿಲ್ಲ.

ಮೊದಲು ನನ್ನ ನಾಚಿಕೆಯ ವಿಷಯ ಹೇಳಬೇಕು, ಏಕೆಂದರೆ ಮುಂದೆ ಆದದ್ದಕ್ಕೆಲ್ಲ ಅದೇ ಬೇರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಯಳಂದೂರು ತಾಲ್ಲೂಕಿನ ಒಂದು ಊರಿನ ಅರಳಿಕಟ್ಟೆಯ ಮುಂದೆ ತಾಯಂದಿರಿಗೆ ಎದೆಹಾಲಿನ ಬಗ್ಗೆ ತಿಳಿವಳಿಕೆ ಹೇಳಬೇಕಿತ್ತು. ಕಟ್ಟೆಯ ಮೇಲೆ ನಾಲ್ಕು ಜನ ಗಂಡಸರು ಬೀಡಿ ಸೇದುತ್ತ ಕೂತಿದ್ದರು. ನಾನು ಅವರ ಕಡೆಗೂ ನೋಡದೆ, ಹೆಂಗಸರ ಕಡೆಗೂ ನೋಡದೆ, ಎದುರಿಗಿದ್ದ ದೀಪದ ಕಂಬ ನೋಡಿಕೊಂಡು ಎಲ್ಲವನ್ನೂ ಒಪ್ಪಿಸಿದೆ. "ಎದೆ" ಎನ್ನುವ ಮಾತು ಬಂದಾಗಲೆಲ್ಲ ಕೆಮ್ಮಿದೆ. ನಮ್ಮ ಮೇಲಿನವರು ರಾಜಮ್ಮನವರು, ಹಿರಿಯ ಆರೋಗ್ಯ ಸಹಾಯಕಿ. ದಪ್ಪ ಕನ್ನಡಕ, ಕೈಯಲ್ಲಿ ಯಾವಾಗಲೂ ಕೊಡೆ. ಹಿಂದಿರುಗುವಾಗ ದಾರಿಯಲ್ಲಿ ಕೇಳಿದರು:

"ಏನಮ್ಮಾ ಸುಶೀಲಾ, ಆ ಕಂಬಕ್ಕೆ ಹೆರಿಗೆ ಆಗಿ ಎಷ್ಟು ದಿನ ಆಯ್ತು?"

ಆಮೇಲೆ ಎಷ್ಟೋ ವರ್ಷ ನಮ್ಮ ಸಭೆಗಳಲ್ಲಿ ನನಗೆ "ಕಂಬದ ಸುಶೀಲ" ಎಂದೇ ಹೆಸರು.

ಆಗ ನಮಗೆ ತರಬೇತಿಯಲ್ಲಿ ಕಲಿಸಿದ್ದು ಗಡಿಯಾರದ ಲೆಕ್ಕ. ಮೂರು ಗಂಟೆಗೊಮ್ಮೆ ಹಾಲು ಕೊಡಬೇಕು, ಅದಕ್ಕಿಂತ ಮುಂಚೆ ಕೊಟ್ಟರೆ ಮಗುವಿಗೆ ಅಜೀರ್ಣ, ಹಟ ಕಲಿಯುತ್ತದೆ. ನಾನು ಅದನ್ನು ದೇವರ ಮಾತಿನಂತೆ ನಂಬಿದೆ. ನಿಮ್ಮ ಅಪ್ಪ ಹುಟ್ಟಿದಾಗ ನನ್ನ ಮನೆಯಲ್ಲೇ ಅದನ್ನು ನಡೆಸಿದೆ. ಕೆಲಸ ಸಿಕ್ಕಾಗ ನಿಮ್ಮ ತಾತ ಕೊಡಿಸಿದ್ದ ಕೈಗಡಿಯಾರ ಬಾಣಂತನದಲ್ಲೂ ನನ್ನ ಕೈಯಲ್ಲೇ ಇತ್ತು. ಒಂದು ದಿನ ಮಗು ಅಳುತ್ತಿತ್ತು. ನಮ್ಮತ್ತೆ ಒಲೆ ಮುಂದಿನಿಂದ ಎದ್ದು ಬಂದರು.

"ಎತ್ಕಳೇ, ಕೂಸು ಅಳ್ತಾ ಅದೆ."

"ಇನ್ನೂ ಮುಕ್ಕಾಲು ಗಂಟೆ ಅದೆ ಅತ್ತೆ."

"ಯಾತಕ್ಕೆ ಮುಕ್ಕಾಲು ಗಂಟೆ? ಬಸ್ಸಿಗಾ?"

"ಮೂರು ಗಂಟೆಗೊಂದ್ಸಲ ಕುಡಿಸ್ಬೇಕಂತೆ. ಟ್ರೈನಿಂಗ್‌ನಲ್ಲಿ ಹೇಳವ್ರೆ."

"ಅಂಗೇಳ್ದೋರ ಅವ್ವ ಗಡಿಯಾರ ನೋಡ್ಕಂಡು ಹಾಲು ಕೊಟ್ಟಿದ್ಲಾ? ಗಡಿಯಾರಕ್ಕೇನು ಅಸಿವಾಯ್ತದಾ, ಅಸಿವಾಗಾದು ಕೂಸಿಗೆ."

ಅತ್ತೆ ನನ್ನ ಕೈಯಿಂದ ಗಡಿಯಾರ ಬಿಚ್ಚಿ ರಾಗಿಹಿಟ್ಟಿನ ಡಬ್ಬದ ಮೇಲೆ ಇಟ್ಟರು. ಓದು ಬಾರದವರಿಗೆ ಏನು ಗೊತ್ತು ಎಂದುಕೊಂಡು, ಅವರು ಹೊಲಕ್ಕೆ ಹೋದಾಗಲೆಲ್ಲ ನಾನು ಡಬ್ಬದ ಕಡೆ ನೋಡಿ ಲೆಕ್ಕ ಹಾಕುತ್ತಲೇ ಇದ್ದೆ. ನಿಮ್ಮ ಅಪ್ಪ ಮೊದಲ ತಿಂಗಳು ಸರಿಯಾಗಿ ತೂಕ ಬರಲಿಲ್ಲ. ಅದಕ್ಕೆ ಕಾರಣ ನಾನೇ ಎಂದು ತಿಳಿಯಲು ನನಗೆ ಹಲವು ವರ್ಷ ಬೇಕಾಯಿತು.

ತಿಳಿದದ್ದು ಇನ್ನೊಂದು ತರಬೇತಿಯಲ್ಲಿ. ಮೈಸೂರಿನಿಂದ ಬಂದ ಒಬ್ಬ ಮಕ್ಕಳ ಡಾಕ್ಟರಮ್ಮ ಎಲ್ಲರಿಗೂ ಕೈಗಡಿಯಾರ ಬಿಚ್ಚಿ ಮೇಜಿನ ಮೇಲೆ ಇಡಲು ಹೇಳಿದರು. ಹುಟ್ಟಿದ ದಿನ ಮಗುವಿನ ಹೊಟ್ಟೆ ಆಡುವ ಗೋಲಿಯಷ್ಟು, ವಾರಕ್ಕೆ ನಿಂಬೆಹಣ್ಣಿನಷ್ಟು. ಎದೆಹಾಲು ಬೇಗ ಅರಗುತ್ತದೆ. ಆದ್ದರಿಂದ ಮಗು ಮತ್ತೆ ಮತ್ತೆ ಕೇಳುತ್ತದೆ, ಕೇಳಿದಾಗಲೆಲ್ಲ ಕೊಡಬೇಕು. ಎಷ್ಟು ಕುಡಿಯುತ್ತದೋ ಅಷ್ಟು ಹಾಲು ಊರುತ್ತದೆ. ಅಳುವವರೆಗೆ ಕಾಯಬಾರದು. ಬಾಯಿ ತೆರೆದು ಅತ್ತಿತ್ತ ತಿರುಗಿಸುವುದು, ಕೈ ಬಾಯಿಗೆ ಒಯ್ಯುವುದು, ಅದೇ ಕೇಳುವ ರೀತಿ. ಅಳು ಕೊನೆಯದು. ಇನ್ನೊಂದು ಮಾತನ್ನೂ ಅವರು ಹೇಳಿದರು: ಮೊದಲ ವಾರಗಳಲ್ಲಿ ಕೆಲವು ಮಕ್ಕಳು ಕೇಳುವುದೇ ಇಲ್ಲ, ನಿದ್ದೆಯಲ್ಲೇ ಇರುತ್ತವೆ. ಹುಟ್ಟಿದಾಗಿನ ತೂಕಕ್ಕೆ ಮತ್ತೆ ಬರುವವರೆಗೆ ಅಂಥ ಮಗುವನ್ನು ಎರಡು ಮೂರು ಗಂಟೆಗೊಮ್ಮೆ ಎಬ್ಬಿಸಿ ಕುಡಿಸಬೇಕು. ಈ ಕೊನೆಯ ಮಾತನ್ನು ನಾನು ಪುಸ್ತಕದಲ್ಲಿ ಬರೆದುಕೊಂಡೆ. ತಲೆಯಲ್ಲಿ ಇಟ್ಟುಕೊಳ್ಳಲಿಲ್ಲ.

ಹಿಂದಿರುಗಿ ಬಂದು ಹೊಸ ಪಾಠ ಹೇಳಲು ಹೊರಟರೆ, ಹಳೆಯ ಪಾಠ ನನ್ನಿಂದಲೇ ಊರೆಲ್ಲ ಹಬ್ಬಿತ್ತು. ಯಳಂದೂರಿನಲ್ಲಿ ಜಯಮ್ಮ ಎನ್ನುವವಳ ಮಗು ಹಗಲೆಲ್ಲ ಸುಮ್ಮನಿದ್ದು, ಸಂಜೆ ಆರರಿಂದ ಒಂಬತ್ತರವರೆಗೆ ಅರ್ಧ ಗಂಟೆಗೊಮ್ಮೆ ಹಾಲಿಗೆ ಬರುತ್ತಿತ್ತು. ಜಯಮ್ಮನ ಅತ್ತೆ ಹಾಲು ಸಾಲದು ಎಂದು ದನದ ಹಾಲಿನ ಬಾಟಲಿ ಸಿದ್ಧ ಮಾಡಿದ್ದರು.

"ನೀನೇ ಅಲ್ವೇನವ್ವ ಏಳಿದ್ದು, ಮೂರು ಗಂಟೆಗೊಂದ್ಸಲ ಅಂತ? ಈ ಕೂಸು ಮೂರು ಗಂಟೆಲಿ ಆರು ಸಲ ಕೇಳ್ತದೆ. ಇವಳ ಎದೇಲಿ ಹಾಲಿಲ್ಲ ಅಂತಾನೆ ಅರ್ತ."

"ನಾನು ಹೇಳಿದ್ದು ತಪ್ಪು ಅಜ್ಜಿ. ಸಂಜೆ ಹೊತ್ತು ಕೆಲವು ಮಕ್ಕಳು ಹಾಗೆ ಮಾಡುತ್ತವೆ. ತೂಕ ಬರುತ್ತಿದೆಯಲ್ಲ, ಹಾಲು ಸಾಕು."

"ಅಂಗಾದ್ರೆ ನಾಳೆ ಬಂದು ಇದೂ ತಪ್ಪು ಅಂತೀಯೇನೋ. ಬಾಟ್ಲಿ ಇಲ್ಲೇ ಇರ್ಲಿ."

ಬಾಟಲಿ ಗೂಡಿನಲ್ಲಿಯೇ ಇತ್ತು. ಆದರೆ ಅದನ್ನು ಮಗುವಿನ ಬಾಯಿಗೆ ಇಡಲಿಲ್ಲ. ಮುಂದಿನ ತಿಂಗಳು ಹೋದಾಗ ಅದರಲ್ಲಿ ಸೀಮೆಎಣ್ಣೆ ತುಂಬಿದ್ದರು.

ಈಗ ಬಟ್ಟೆಯ ವಿಷಯಕ್ಕೆ ಬರುತ್ತೇನೆ. ಮಗು ಎಷ್ಟು ಸಲ ಹಾಲು ಕುಡಿಯುತ್ತಿದೆ ಎಂದು ತಿಳಿಯಲು ಸರಿಯಾದ ದಾರಿ, ತಾಯಿಯ ಪಕ್ಕದಲ್ಲಿ ಕೂತು ಒಂದು ಸಲ ಕುಡಿಸುವುದನ್ನು ನೋಡುವುದು, ಗಂಟಲಿನಲ್ಲಿ ಗುಟುಕು ಇಳಿಯುವುದನ್ನು ಕೇಳಿಸಿಕೊಳ್ಳುವುದು. ಅದಕ್ಕೆ ಮನೆಯವರನ್ನು ಎಬ್ಬಿಸಿ ಆಚೆ ಕಳಿಸಬೇಕು, ಬಾಗಿಲು ಹಾಕಬೇಕು, ಬಾಣಂತಿಗೆ ಸೆರಗು ಸರಿಸು ಎನ್ನಬೇಕು. ನನಗೆ ಅದು ಆಗುತ್ತಿರಲಿಲ್ಲ. ನಾನು ನನಗೆ ಸುಲಭವಾದ ಒಂದು ಉಪಾಯ ಕಂಡುಕೊಂಡೆ. ಚೆನ್ನಾಗಿ ಹಾಲು ಕುಡಿಯುವ ವಾರದ ಮಗು ದಿನಕ್ಕೆ ಆರಕ್ಕಿಂತ ಹೆಚ್ಚು ಬಟ್ಟೆ ಒದ್ದೆ ಮಾಡುತ್ತದೆ. ಅಂಗಳಕ್ಕೆ ಕಾಲಿಡುವಾಗಲೇ ತಂತಿಯ ಮೇಲೆ ಒಣಗಲು ಹಾಕಿದ ತುಂಡುಬಟ್ಟೆ ಎಣಿಸಿಬಿಟ್ಟರೆ ಆಯಿತು. ಎಂಟು ಬಟ್ಟೆ ಇದ್ದರೆ ಹಾಲು ಸಾಕಷ್ಟು ಹೋಗುತ್ತಿದೆ. ಯಾರನ್ನೂ ಏನೂ ಕೇಳಬೇಕಾಗಿಲ್ಲ.

ಯಳಂದೂರಿನ ನನ್ನ ಊರುಗಳಲ್ಲಿ ಈ ಲೆಕ್ಕ ತಪ್ಪಲಿಲ್ಲ. ಅಲ್ಲಿ ನೀರನ್ನು ಬಾವಿಯಿಂದ ಸೇದಿ ತರಬೇಕಿತ್ತು. ಒದ್ದೆಯಾದ ಬಟ್ಟೆ ಬಿಟ್ಟು ಬೇರೆಯದನ್ನು ಯಾರೂ ಒಗೆಯುತ್ತಿರಲಿಲ್ಲ. ರಾಜಮ್ಮನವರು ಒಂದು ಸಭೆಯಲ್ಲಿ, "ಕಂಬದ ಸುಶೀಲ ಬುದ್ಧಿವಂತೆ, ತಂತಿ ನೋಡಿಯೇ ಮಗುವಿನ ಹೊಟ್ಟೆ ಹೇಳ್ತಾಳೆ," ಎಂದು ಹೊಗಳಿದರು. ಅವರು ಹೊಗಳಿದ್ದು ಅದೊಂದೇ ಸಲ. ಬೇರೆ ನರ್ಸುಗಳೂ ನನ್ನ ಲೆಕ್ಕ ಕಲಿತರು.

ಕೆಲವು ವರ್ಷಗಳ ಮೇಲೆ ನನ್ನನ್ನು ಹನೂರು ಕಡೆಗೆ, ಮಾರ್ಟಳ್ಳಿಗೆ ಹತ್ತಿರದ ಒಂದು ಊರಿಗೆ ಹಾಕಿದರು. ನಿಮ್ಮ ತಾತ ಆಗಲೇ ತೀರಿಕೊಂಡಿದ್ದರು. ನಿಮ್ಮ ಅಪ್ಪ ಸಂಸಾರದೊಂದಿಗೆ ಬೇರೆ ಊರಿನಲ್ಲಿದ್ದ. ಅರ್ಧ ಊರು ಕನ್ನಡ, ಅರ್ಧ ಊರು ತಮಿಳು. ದಿನಕ್ಕೆ ಮೂರೋ ನಾಲ್ಕೋ ಬಸ್ಸು. ಫೋನಿಗೆ ಸಿಗ್ನಲ್ ಬೇಕೆಂದರೆ ಶಾಲೆಯ ಹಿಂದಿನ ಬಂಡೆ ಹತ್ತಬೇಕು. ಆ ಊರಿಗೆ ಆಗ ಆಶಾ ಕಾರ್ಯಕರ್ತೆ ಇರಲಿಲ್ಲ, ಬಾಣಂತಿಯರ ಮನೆಗೆ ಹೋಗುವವಳು ನಾನೊಬ್ಬಳೇ.

ಅಲ್ಲಿ ಸಿದ್ದೇಗೌಡರದು ಅನುಕೂಲದ ಮನೆ. ಹಿತ್ತಿಲಿನಲ್ಲೇ ಕೊಳವೆಬಾವಿ. ಅವರ ಮಗಳು ಸವಿತಾ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಅವಳಿಗೆ ಮೊದಲನೆಯದು ಹೊಟ್ಟೆಯಲ್ಲೇ ಹೋಗಿತ್ತು. ಇದು ಎರಡನೆಯದು, ಹೆಣ್ಣುಮಗು, ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ಹುಟ್ಟಿದಾಗ ಎರಡು ಕಿಲೋ ಏಳುನೂರು ಗ್ರಾಂ. ಮಗು ಬದುಕಿದರೆ ಬೆಟ್ಟಕ್ಕೆ ನಡೆದು ಬರುತ್ತೇವೆ ಎಂದು ಇಡೀ ಮನೆ ಮಾದಪ್ಪನಿಗೆ ಹರಕೆ ಹೊತ್ತಿತ್ತು.

ನಾನು ಮೊದಲು ಹೋದದ್ದು ನಾಲ್ಕನೆಯ ದಿನ. ಸಿದ್ದೇಗೌಡರು ಜಗಲಿಯ ಮೇಲೆ, ಬಾಣಂತಿ ಕೋಣೆಯ ಬಾಗಿಲಿಗೆ ನೇರವಾಗಿ ಕೂತಿದ್ದರು. ಪಕ್ಕದಲ್ಲಿ ಇನ್ನಿಬ್ಬರು. ಸವಿತಾಳ ತಾಯಿ ಚಿಕ್ಕತಾಯಮ್ಮ ಒಳಗೆ ಕರೆದರು.

"ಬಾ ನರ್ಸವ್ವ. ಕಾಪಿ ಕುಡಿದೇ ಓಗ್ಬೇಕು ನೀನು."

"ಕೂಸು ಹೇಗಿದೆ?"

"ಬಾಳ ಸಾದು ಕಣವ್ವ. ಅಳಾದೇ ಇಲ್ಲ. ಮಾದಪ್ಪ ಕೊಟ್ಟ ಕೂಸು, ಅವ್ವನಿಗೆ ವಸಿನೂ ತೊಂದ್ರೆ ಕೊಡಲ್ಲ."

ಮಗು ಅರಿಸಿನ ಎಣ್ಣೆ ಹಚ್ಚಿಸಿಕೊಂಡು, ಬಿಗಿಯಾಗಿ ಸುತ್ತಿಸಿಕೊಂಡು ಮಲಗಿತ್ತು. ಸವಿತಾ ನನ್ನ ಮುಖವನ್ನೇ ನೋಡುತ್ತಿದ್ದಳು, ಏನೋ ಕೇಳಬೇಕೆನ್ನುವಂತೆ. ನಾನು ತಿರುಗಿ ನೋಡಿದೆ, ಜಗಲಿಯವರು ಕಾಣುತ್ತಿದ್ದರು. ಒಂದು ಸಲ ಕುಡಿಸು, ನೋಡೋಣ ಎಂದು ಹೇಳಲು ಬಾಯಿ ಬರಲಿಲ್ಲ. ಹಿತ್ತಿಲಿಗೆ ಹೋಗಿ ತಂತಿ ನೋಡಿದೆ. ಹನ್ನೊಂದು ತುಂಡುಬಟ್ಟೆ ಸಾಲಾಗಿ ಒಣಗುತ್ತಿದ್ದವು. ಸಮಾಧಾನವಾಯಿತು. ನಾಲ್ಕು ದಿನದ ಮಗು ದಿನಕ್ಕೆ ಹನ್ನೊಂದು ಬಟ್ಟೆ ಒದ್ದೆ ಮಾಡುವುದು ಹೇಗೆ ಎಂದು ಕೂಡ ಹೊಳೆಯಲಿಲ್ಲ. ರಿಜಿಸ್ಟರ್ ತೆಗೆದು "ಮಗು ಚೆನ್ನಾಗಿ ಹಾಲು ಕುಡಿಯುತ್ತಿದೆ" ಎಂದು ಬರೆದೆ. ಕಾಫಿ ಕುಡಿದು ಹೊರಟೆ. ಏಳನೆಯ ದಿನ ಮತ್ತೆ ಹೋಗಬೇಕಿತ್ತು. ಆ ಮನೆಯ ಚಿಂತೆ ಇಲ್ಲ ಎಂದುಕೊಂಡು ಬೇರೆ ಊರಿಗೆ ಹೋದೆ.

ಹೋದದ್ದು ಎಂಟನೆಯ ದಿನ, ಮಧ್ಯಾಹ್ನದ ಹೊತ್ತಿಗೆ. ತಂತಿಯ ಮೇಲೆ ಹನ್ನೆರಡು ಬಟ್ಟೆ. ತೂಕ ಮಾಡೋಣ ಎಂದು ಮಗುವನ್ನು ಎತ್ತಿಕೊಂಡಾಗ ಕೈಗೆ ಏನೋ ತಪ್ಪು ಅನ್ನಿಸಿತು. ಮಗು ಎಚ್ಚರವಾಗಲಿಲ್ಲ. ಕೈಕಾಲು ಜೋತುಬಿದ್ದವು. ಅಡಿಯ ಬಟ್ಟೆ ಮುಟ್ಟಿದೆ, ಒಣಗಿತ್ತು.

"ಈ ಬಟ್ಟೆ ಯಾವಾಗ ಹಾಕಿದ್ದು?"

"ಬೆಳಿಗ್ಗೆ ನೀರು ಉಯ್ದ ಮೇಲೆ," ಎಂದರು ಚಿಕ್ಕತಾಯಮ್ಮ.

"ಮತ್ತೆ ತಂತಿ ಮೇಲೆ ಅಷ್ಟೊಂದು ಬಟ್ಟೆ?"

"ಅವಾ? ಪುರುಡಿನ ಮನೆಯಲ್ವೇನವ್ವ. ಆ ಕೋಣೇಲಿರೋ ಬಟ್ಟೇನೆಲ್ಲ ದಿನಾ ಬೆಳಿಗ್ಗೆ ಜಾಲಿಸಿ ಆಕ್ತೀವಿ. ಒದ್ದೆಯಾಗಿರ್ಲಿ, ಒಣಗಿರ್ಲಿ."

ಹೆರಿಗೆಯ ಮೈಲಿಗೆ ಕಳೆಯುವವರೆಗೆ, ಹನ್ನೊಂದು ದಿನ, ಆ ಮನೆಯಲ್ಲಿ ಹಾಗೆ ನಡೆದುಕೊಂಡು ಬಂದಿತ್ತು. ನೀರಿಗೆ ಕೊರತೆ ಇಲ್ಲದ ಮನೆ. ನಾನು ಎಣಿಸಿದ್ದು ಮಗು ಒದ್ದೆ ಮಾಡಿದ ಬಟ್ಟೆಯನ್ನಲ್ಲ, ಚಿಕ್ಕತಾಯಮ್ಮನ ಮಡಿಯನ್ನು.

ಸವಿತಾಳನ್ನು ಕೇಳಿದೆ. "ದಿನಕ್ಕೆ ಎಷ್ಟು ಸಲ ಕುಡಿಯುತ್ತೆ?"

ಅವಳು ತಾಯಿಯ ಮುಖ ನೋಡಿ ಮೆಲ್ಲಗೆ ಹೇಳಿದಳು. "ಮೂರು... ನಾಕು ಸಲ ಕಣಕ್ಕ. ಬಾಯಿಗಿಟ್ರೂ ಮಲಿಕತದೆ. ಅವತ್ತೇ ಕೇಳಾನ ಅಂದ್ಕಂಡೆ. ನೀವು ಬರ್ಕಂಡು ಎದ್ಬುಟ್ರಿ."

ತಕ್ಕಡಿಗೆ ಹಾಕಿದೆ. ಎರಡು ಕಿಲೋ ಇನ್ನೂರ ಐವತ್ತು. ಒದ್ದೆ ಬಟ್ಟೆಯಿಂದ ಅರಿಸಿನ ಒರೆಸಿ, ಬೆಳಕಿಗೆ ಹಿಡಿದು ಎದೆಯ ಮೇಲೆ ಬೆರಳು ಒತ್ತಿ ತೆಗೆದೆ. ಅರಿಸಿನ ಹೋಗಿದ್ದರೂ ಚರ್ಮ ಹಳದಿಯಾಗಿಯೇ ಇತ್ತು. ಅಂಗಾಲು ಕೂಡ. ಕಾಮಾಲೆ ಹೆಚ್ಚಾದ ಮಗು ಮಂಕಾಗಿ ಮಲಗುತ್ತದೆ, ಮಲಗಿದ ಮಗು ಕುಡಿಯುವುದಿಲ್ಲ, ಕುಡಿಯದ ಮಗುವಿಗೆ ಕಾಮಾಲೆ ಇನ್ನೂ ಏರುತ್ತದೆ. ಆ ಮಂಕನ್ನೇ ಈ ಮನೆಯಲ್ಲಿ ಎಂಟು ದಿನ ಸಾಧು ಎಂದು ಹೊಗಳಿದ್ದರು, ಅವರ ಜೊತೆಗೆ ನಾನೂ.

ಆಗ ಜಗಲಿಗೆ ಬಂದು ನಿಂತೆ. ಸಿದ್ದೇಗೌಡರು, ಅವರ ಜೊತೆ ಅದೇ ಇಬ್ಬರು. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು.

"ಗೌಡ್ರೇ, ಮಗುವನ್ನು ಈಗಲೇ ಕೊಳ್ಳೇಗಾಲಕ್ಕೆ ಕರೆದುಕೊಂಡು ಹೋಗಬೇಕು. ಒಂದು ಗಾಡಿ ನೋಡಿ. ಉಳಿದವರು ಜಗಲಿ ಬಿಟ್ಟು ಏಳಿ. ನಾನು ಬಾಣಂತಿಗೆ ಹಾಲು ಹಿಂಡಿಸಬೇಕು."

"ಬಸ್ಸು ನಾಕು ಗಂಟೆಗೆ ನರ್ಸಮ್ಮ," ಎಂದರು ಒಬ್ಬರು.

"ಬಸ್ಸು ಬೇಡ."

ಸಿದ್ದೇಗೌಡರು ಎಕ್ಕಡ ಮೆಟ್ಟದೆ ರಸ್ತೆಗೆ ಓಡಿದರು. ನಾನು ಒಳಗೆ ಹೋಗಿ ಸವಿತಾಳ ಪಕ್ಕ ಕೂತು, ಸೆರಗು ಸರಿಸಿ, ಬೆರಳಿನಲ್ಲಿ ಹೇಗೆ ಒತ್ತಬೇಕು ಎಂದು ತೋರಿಸಿ, ಒಂದು ಲೋಟಕ್ಕೆ ಹಾಲು ಹಿಂಡಿಸಿದೆ. ಎದೆ ಕಲ್ಲಿನಂತೆ ಬಿಗಿದಿತ್ತು. ಹಾಲಿಗೆ ಏನೂ ಕೊರತೆ ಇರಲಿಲ್ಲ. ಮಗುವಿನ ಸುತ್ತು ಬಿಚ್ಚಿ, ಅಂಗಾಲು ಉಜ್ಜಿ, ತಲೆ ಎತ್ತಿ ಹಿಡಿದು, ಮನೆಯಲ್ಲಿದ್ದ ಬೆಳ್ಳಿಯ ಒಳಲೆಯ ಕೊಕ್ಕಿನಿಂದ ಒಂದೊಂದೇ ಹನಿ ತುಟಿಗೆ ಇಟ್ಟೆ. ಮೊದಲ ಹನಿಗಳು ಹೊರಗೆ ಹರಿದವು. ಆಮೇಲೆ ಗಂಟಲು ಒಂದು ಸಲ ಅಲ್ಲಾಡಿತು.

"ನುಂಗ್ತು ಕಣಕ್ಕ," ಎಂದಳು ಸವಿತಾ.

ಸಿದ್ದೇಗೌಡರು ಅಡ್ಡಹಾಕಿ ನಿಲ್ಲಿಸಿದ್ದು ಬೆಟ್ಟದಿಂದ ಹಿಂದಿರುಗುತ್ತಿದ್ದ ಭಕ್ತರ ಟೆಂಪೋ. ಹಿಂದಿನ ಸೀಟು ಬಿಟ್ಟುಕೊಟ್ಟರು. ದಾರಿಯಲ್ಲಿ ಮತ್ತೆ ಹಾಲು ಹಿಂಡಬೇಕಾಯಿತು. ನಾನು ಹೇಗೆ ಹೇಳುವುದು ಎನ್ನುತ್ತಿದ್ದಂತೆ ಒಬ್ಬ ಮುದುಕಿ ಎದ್ದು ತನ್ನ ಕಂಬಳಿಯನ್ನು ಅಡ್ಡ ಹಿಡಿದಳು. "ಗಂಡಸ್ರೆಲ್ಲ ಮುಂದಕ್ಕೆ ಮೊಕ ಮಾಡ್ರಪ್ಪ," ಎಂದಳು. ಮಾದಪ್ಪನಿಗೆ ಮುಡಿ ಕೊಟ್ಟು ಬಂದ ಬೋಳುತಲೆಗಳೆಲ್ಲ ಒಟ್ಟಿಗೆ ಮುಂದಕ್ಕೆ ತಿರುಗಿದವು. ಯಾರಿಗೂ ಏನೂ ಕಷ್ಟವಾಗಲಿಲ್ಲ. ನಾನು ಇಷ್ಟು ವರ್ಷ ಹೆದರಿದ ಮಾತು ಅಷ್ಟೇ ಇತ್ತು.

ಆಸ್ಪತ್ರೆಯಲ್ಲಿ ಮಗುವನ್ನು ಕಾಮಾಲೆ ಇಳಿಸುವ ನೀಲಿ ದೀಪದ ಕೆಳಗೆ ಮಲಗಿಸಿದರು. ಡಾಕ್ಟರು ನನ್ನ ರಿಜಿಸ್ಟರ್ ಕೇಳಿ ತೆಗೆದುಕೊಂಡು ಓದಿದರು. ನಾಲ್ಕನೆಯ ದಿನದ ಸಾಲಿನ ಮೇಲೆ ಬೆರಳು ಇಟ್ಟು, "ಇದನ್ನು ನೋಡಿ ಬರೆದಿರಾ ಸಿಸ್ಟರ್?" ಎಂದರು.

"ಇಲ್ಲ ಸಾರ್. ಬಟ್ಟೆ ಎಣಿಸಿ ಬರೆದೆ."

ಅವರು ಬಯ್ಯಲಿಲ್ಲ. ಎರಡು ಗಂಟೆಗೊಮ್ಮೆ ಹಿಂಡಿದ ಹಾಲು ಕುಡಿಸಲು ಹೇಳಿ ಮುಂದಿನ ಮಗುವಿನ ಕಡೆ ಹೋದರು. ಮೊದಲ ಎರಡು ದಿನ ಮಗು ಉಳಿಯುತ್ತದೆ ಎಂದು ಯಾರೂ ಹೇಳಲಿಲ್ಲ. ಚಿಕ್ಕತಾಯಮ್ಮ ಬಾಗಿಲ ಹೊರಗೆ ಕೂತು, ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದರು: "ಅಳ್ಲಿಲ್ಲ ಕಣವ್ವ, ಅದಕ್ಕೇ ಗೊತ್ತಾಗ್ಲಿಲ್ಲ." ಮೂರನೆಯ ದಿನ ಬೆಳಿಗ್ಗೆ ನಾನು ಹೋದಾಗ ಒಳಗಿನಿಂದ ಒಂದು ಮಗುವಿನ ಅಳು ಕೇಳುತ್ತಿತ್ತು. ಚಿಕ್ಕತಾಯಮ್ಮ ನನ್ನ ಕೈ ಹಿಡಿದು, "ಕೇಳು, ನಮ್ದೇ," ಎಂದರು. ನನ್ನ ಸೇವೆಯಲ್ಲಿ ಮಗುವಿನ ಅಳು ಕೇಳಿ ಅಷ್ಟು ಸಂತೋಷಪಟ್ಟವರನ್ನು ಬೇರೆ ನೋಡಿಲ್ಲ.

ಆ ರಿಜಿಸ್ಟರಿನ ವಿಷಯ ಇನ್ನೂ ಸ್ವಲ್ಪ ಇದೆ. ಮೇಲಿನವರೊಬ್ಬರು ನನಗೆ ಒಳ್ಳೆಯದಾಗಲಿ ಎಂದೇ ಹೇಳಿದರು: "ಆ ಸಾಲಿನ ಪಕ್ಕ 'ಎಬ್ಬಿಸಿ ಕುಡಿಸಲು ಸಲಹೆ ನೀಡಲಾಗಿದೆ' ಅಂತ ಸೇರಿಸಿಬಿಡಿ. ಜಾಗ ಇದೆಯಲ್ಲ." ಜಾಗ ಇತ್ತು. ಬರೆದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಸವಿತಾ ಅವತ್ತು ನನ್ನ ಮುಖ ನೋಡಿದ್ದು ನೆನಪಾಯಿತು. ಆ ಜಾಗದಲ್ಲಿ ಕೆಂಪು ಶಾಯಿಯಿಂದ "ಕುಡಿಯುವುದನ್ನು ನೋಡದೆ ಬರೆದದ್ದು" ಎಂದು ಬರೆದು ಸಹಿ ಹಾಕಿದೆ. ಮುಂದಿನ ಸಭೆಯಲ್ಲಿ ಎದ್ದು ನಿಂತು ಅದನ್ನು ಓದಿದೆ. ಈ ಸಲ ಯಾವ ಕಂಬದ ಕಡೆಯೂ ನೋಡಲಿಲ್ಲ. ಬಟ್ಟೆ ಎಣಿಸುವುದನ್ನು ನನ್ನಿಂದ ಕಲಿತವರು ಆ ಕೋಣೆಯಲ್ಲೂ ಇದ್ದರು. ಅವರು ಯಾವ ಯಾವ ತಂತಿಯ ಮುಂದೆ ನಿಂತು ಸಮಾಧಾನ ಮಾಡಿಕೊಂಡಿದ್ದಾರೋ ಎನ್ನುವುದೇ ನನ್ನ ದೊಡ್ಡ ಭಯವಾಗಿತ್ತು. ಬಟ್ಟೆಯ ಲೆಕ್ಕ ಸುಳ್ಳಲ್ಲ ಚಂದನಾ. ಆದರೆ ತೊಟ್ಟಿಲಿನಲ್ಲಿ ಒದ್ದೆಯಾದದ್ದನ್ನು ಎಣಿಸಬೇಕು, ತಂತಿಯ ಮೇಲಿನದನ್ನಲ್ಲ.

ಸವಿತಾ ಮನೆಗೆ ಬಂದ ದಿನ ನಾನು ಹನ್ನೆರಡು ಹುಣಸೆಬೀಜ, ಎರಡು ಬಟ್ಟಲು ಇಟ್ಟುಕೊಂಡು ಕೂತೆ. ಒಂದು ಸಲ ಕುಡಿಸಿದರೆ ಒಂದು ಬೀಜ ಈ ಬಟ್ಟಲಿನಿಂದ ಆ ಬಟ್ಟಲಿಗೆ. ಬೆಳಿಗ್ಗೆಯಿಂದ ಮರುದಿನ ಬೆಳಿಗ್ಗೆಗೆ ಎಂಟಕ್ಕಿಂತ ಕಡಿಮೆಯಾದರೆ ನನಗೆ ಹೇಳಿ ಕಳಿಸಬೇಕು, ಹನ್ನೆರಡೂ ದಾಟಿ ಹೋದರೆ ಸಂತೋಷ.

"ಏನಿದು, ಚೌಕಾಬಾರ ಆಡಕ್ಕಾ?" ಎಂದರು ಚಿಕ್ಕತಾಯಮ್ಮ.

"ಹೌದು. ನೀವೇ ನೋಡಿಕೊಳ್ಳುವವರು."

ಅಂದಿನಿಂದ ಆ ಮನೆಯಲ್ಲಿ ಅವರದೇ ಕಾವಲು. ಒಂದು ದಿನ ನಾನು ಅಂಗಳಕ್ಕೆ ಬರುವಾಗಲೇ ಕೇಳಿಸಿತು: "ಇನ್ನೂ ಐದೇ ಕಣ್ ಸವಿತಾ, ಎಬ್ಸು ಅದನ್ನ. ಸಾದು ಅಂತೆ ಸಾದು. ಸಾದು ಯಾವನಿಗೆ ಬೇಕು?" ನಾನು ಬಂದದ್ದು ಕಂಡು ಸಿದ್ದೇಗೌಡರು ಟವೆಲ್ ಕೊಡವಿಕೊಂಡು ಎದ್ದು ಹಿತ್ತಿಲಿನ ಕಡೆ ಹೋದರು. ನಾನು ಏನೂ ಹೇಳಿರಲಿಲ್ಲ.

ಮಗು ಹುಟ್ಟಿದ ತೂಕಕ್ಕೆ ಬಂದ ಮೇಲೆ ಎಬ್ಬಿಸುವ ಕೆಲಸ ನಿಂತಿತು. ಆಮೇಲೆ ಅದೇ ಎಲ್ಲರನ್ನೂ ಎಬ್ಬಿಸತೊಡಗಿತು. ಈಗ ಅವಳು ಹನೂರಿನಲ್ಲಿ ಕಾಲೇಜಿಗೆ ಹೋಗುತ್ತಾಳೆ. ನನ್ನನ್ನು ಬಸ್ ಸ್ಟ್ಯಾಂಡಿನಲ್ಲಿ ಕಂಡರೆ ಗುರುತಿಸುವುದಿಲ್ಲ. ಗುರುತಿಸಬೇಕಾಗಿಯೂ ಇಲ್ಲ.

ಅಲ್ಲಿಂದ ಮುಂದೆ ಬಾಣಂತಿಯ ಮನೆಗೆ ಹೋದರೆ ಮೊದಲು ಜಗಲಿಯವರನ್ನು ಎಬ್ಬಿಸುತ್ತಿದ್ದೆ, ಆಮೇಲೆ ಕಾಫಿ. ಮೊದಮೊದಲು ಕಿವಿ ಬಿಸಿಯಾಗುತ್ತಿತ್ತು. ನಿವೃತ್ತಿಯ ತಿಂಗಳವರೆಗೂ ಆಗುತ್ತಲೇ ಇತ್ತು. ನಾಚಿಕೆ ಹೋಗಲಿ ಎಂದು ಕಾಯಬೇಡ ಚಂದನಾ, ಅದು ಹೋಗುವುದಿಲ್ಲ. ಅದನ್ನೂ ಕರೆದುಕೊಂಡೇ ಒಳಗೆ ಹೋಗಿ ಕೂತುಕೋ. ಬೀಜವಾದರೂ ಬಟ್ಟೆಯಾದರೂ ಎಣಿಸು, ತೂಕ ಮಾಡು. ಆದರೆ ಗುಟುಕು ಇಳಿಯುವುದನ್ನು ನೋಡುವ ಮುಂಚೆ "ಚೆನ್ನಾಗಿ ಕುಡಿಯುತ್ತಿದೆ" ಎಂದು ಬರೆಯಬೇಡ. ಬಾಣಂತಿ ನಿನ್ನ ಮುಖ ನೋಡಿದರೆ ಪೆನ್ನು ಕೆಳಗಿಡು.

ಮನು, ಕರುವಿಗೆ ಯಾರು ಹೇಳಿಕೊಟ್ಟರು ಎಂದೆಯಲ್ಲ. ಕರು ಹುಟ್ಟಿದಾಗ ಕೊಟ್ಟಿಗೆಯ ಬಾಗಿಲಿನಲ್ಲಿ ಗಂಡಸರು ಯಾರೂ ಬಂದು ಕೂರುವುದಿಲ್ಲ. ನಿನಗೂ ಮದುವೆಯಾಗುತ್ತದೆ, ಮಗುವಾಗುತ್ತದೆ. ಒಂದು ದಿನ ನಿನ್ನ ಮನೆಗೂ ಚಂದನಾಳಂಥ ಒಬ್ಬ ಹುಡುಗಿ ಚೀಲ ಹಿಡಿದುಕೊಂಡು ಬರುತ್ತಾಳೆ. ಅವಳು ನಿನ್ನಜ್ಜಿಯ ಹಾಗೆ ಮಾತು ಬಾರದವಳಾಗಿದ್ದರೆ? ಅವಳು ಕೇಳುವ ಮುಂಚೆ ನೀನು ಎದ್ದು ಆಚೆ ಹೋಗು.

ಈ ಹಾಳೆಗಳನ್ನು ಅಲ್ಲಿಯವರೆಗೆ ಜೋಪಾನವಾಗಿ ಇಟ್ಟುಕೊಳ್ಳಿ. ನೀರು ಬೀಳದ ಕಡೆ, ಗೆದ್ದಲು ಹತ್ತದ ಕಡೆ ಇಡಿ. ಚಂದನಾ ಓದಿ ಮುಗಿಸಿದ ಮೇಲೆ ಮನುವಿನ ಹತ್ತಿರ ಇರಲಿ.